ತೊಟ್ಟಿಲ ಸೈಜಿನ ಒಂದು ಕವಂದಿ, ಪೂರ್ತಿ ಕೈಹೊಲಿಗೆ

ಮೊದಲೇ ಹೇಳಿಬಿಡ್ತೀನಿ, ನಾನು ಮಷಿನ್ ಮೇಲೆ ಹೊಲಿಯೋಳು. ಯಲ್ಲಾಪುರದಲ್ಲಿ ಬ್ಲೌಸು, ಚೂಡಿದಾರ, ಜೂನ್ ಬಂತಂದ್ರೆ ಶಾಲೆ ಯೂನಿಫಾರ್ಮು, ಜೊತೆಗೆ ಮಧ್ಯಾಹ್ನ ಕೆಲವು ಹುಡುಗೀರಿಗೆ ಟೇಲರಿಂಗ್ ಕ್ಲಾಸು. ಪ್ಯಾಚ್‌ವರ್ಕ್ ಅಂದ್ರೆ ನನ್ನ ತಲೇಲಿ ಇದ್ದಿದ್ದು ಒಂದೇ ಕ್ರಮ: ಸ್ಕೇಲ್ ಇಟ್ಟು ಪೀಸು ಕತ್ತರಿಸು, ಒಂದಕ್ಕೊಂದು ಜೋಡಿಸಿ ಮೇಲಿನ ಹಾಳೆ ರೆಡಿ ಮಾಡ್ಕೊ, ಒಳಗೆ ಏನಾದ್ರೂ ತುಂಬಿಸು, ಕೆಳಗೆ ಅಸ್ತರ್ ಕೊಡು, ಮೂರೂ ಸೇರಿಸಿ ಹೊಲಿ, ಕೊನೆಗೆ ಸುತ್ತ ಪೈಪಿಂಗ್ ಪಟ್ಟಿ. ಸಿದ್ದಿ ಹೆಂಗಸರು ಹಳೇ ಬಟ್ಟೆಯಿಂದ ಹೊಲಿಯೋ ಹೊದಿಕೆ ಕವಂದಿ, ಅದರಲ್ಲಿ ಇದ್ಯಾವುದೂ ಇಲ್ಲ. ಮೇಲಿನ ಹಾಳೆ ಅಂತ ಬೇರೆ ಇರೋದೇ ಇಲ್ಲ, ಪಟ್ಟಿನೂ ಇಲ್ಲ, ಪಿನ್ನೂ ಇಲ್ಲ. ಕೆಳಗಿನ ಬಟ್ಟೆ ಹಾಸಿ, ಒಂದು ಮೂಲೆಯಿಂದ ಶುರು ಮಾಡಿ, ಅಂಚಿನಗುಂಟ ತೇಪೆ ಇಡ್ತಾ ಹೊಲೀತಾ ಸುತ್ತು ಹಾಕಿ ಹಾಕಿ ನಡುವಿಗೆ ಬಂದು ನಿಲ್ಲೋದು. ಜೋಡಿಸೋದು, ತುಂಬಿಸೋದನ್ನ ಹಿಡಿದಿಡೋದು, ಅಂಚು ಮುಗಿಸೋದು ಎಲ್ಲಾ ಒಂದೇ ಹೊಲಿಗೆಯಲ್ಲಿ ಆಗಿಹೋಗ್ತದೆ. ಇದನ್ನ ಕಲೀಬೇಕು ಅಂತ ಬಹಳ ದಿನದಿಂದ ಇತ್ತು, ಕ್ಲಾಸಿಗೆ ಬರೋ ಒಬ್ಬಳು ಸಿದ್ದಿ ಹುಡುಗಿ "ನಮ್ಮ ಮಾವಶಿ ಹೊಲೀತಾಳೆ ಅಕ್ಕಾ, ಬರ್ರಿ" ಅಂದಿದ್ದೇ ನೆಪ. ಮಾವಶಿ ಅಂದ್ರೆ ದೊಡ್ಡಮ್ಮ ಅಥವಾ ಚಿಕ್ಕಮ್ಮ.

ಗೊತ್ತಿಲ್ಲದವರಿಗೆ ಸ್ವಲ್ಪ: ಸಿದ್ದಿಗಳು ಆಫ್ರಿಕಾ ಮೂಲದ ಜನ, ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಗೋವಾಕ್ಕೆ ಬಂದು ಅಲ್ಲಿಂದ ತಪ್ಪಿಸ್ಕೊಂಡು ಘಟ್ಟದ ಕಾಡು ಸೇರಿದವರ ಸಂತತಿ ಇದರಲ್ಲಿ ಬಹಳ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಜೋಯಿಡಾ ಈ ಕಡೆ ಹೆಚ್ಚು, ಖಾನಾಪುರ ಕಲಘಟಗಿ ಕಡೆನೂ ಇದ್ದಾರೆ. ಹಿಂದೂ, ಮುಸ್ಲಿಂ, ಕ್ರಿಶ್ಚಿಯನ್ ಮೂರೂ ಇದ್ದಾರೆ, ಮನೆಮಾತು ಕೊಂಕಣಿ ಮರಾಠಿ ಕನ್ನಡ ಬೆರೆತದ್ದು. ಉತ್ತರ ಕನ್ನಡದ ಸಿದ್ದಿಗಳನ್ನ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿದ್ದು 2003ರಲ್ಲಿ. ಕವಂದಿ ವಿಷಯ ಹೊರಗೆ ಗೊತ್ತಾಗಿದ್ದರಲ್ಲಿ ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ಕೆಲಸ ದೊಡ್ಡದು, 2011ರಲ್ಲಿ ನ್ಯೂಯಾರ್ಕಿನ ಶಾಂಬರ್ಗ್ ಸೆಂಟರಿನಲ್ಲಿ ಈ ಕವಂದಿಗಳ ಪ್ರದರ್ಶನ ಆಯ್ತು. ನಮ್ಮ ಪಕ್ಕದ ಹಳ್ಳಿಯ ಹೊದಿಕೆ ನ್ಯೂಯಾರ್ಕಿನ ಗೋಡೆ ಮೇಲೆ ತೂಗಿದ ಮೇಲೂ ಇಲ್ಲಿ ಪೇಟೆಯಲ್ಲಿ ಕೇಳಿದ್ರೆ "ಅದೇನು, ಹಳೇ ಬಟ್ಟೆ ಕೌದಿ ಅಲ್ವಾ" ಅಂತಾರೆ, ಇರ್ಲಿ.

ಸೈಜು ಮತ್ತು ಬಟ್ಟೆ

ದೊಡ್ಡದಕ್ಕೆ ಕೈ ಹಾಕಲಿಲ್ಲ. ಮಾವಶಿನೇ ಹೇಳಿದ್ರು, "ಮೊದಲು ತೊಟ್ಟಿಲದ್ದು ಮಾಡು ತಂಗಿ, ದೊಡ್ಡದು ಎತ್ತಿ ತಿರುಗಸೂದ್ರಾಗೇ ರಟ್ಟಿ ಬೀಳ್ತಾವ." ಅದು ನಿಜ, ಯಾಕಂದ್ರೆ ಅಂಚಿನಗುಂಟ ಹೊಲೀತಾ ಹೋದ ಹಾಗೆ ಪೂರ್ತಿ ಬಟ್ಟೆನ ತೊಡೆ ಮೇಲೆ ತಿರುಗಿಸ್ತಾನೇ ಇರಬೇಕು. ಇಬ್ಬರು ಮಲಗೋ ಸೈಜಿನದು ಅರ್ಧ ಆಗೋ ಹೊತ್ತಿಗೆ ಮಗು ಎತ್ತಿಕೊಂಡಷ್ಟು ಭಾರ ಆಗಿರ್ತದೆ.

ನಾನು ತಗೊಂಡಿದ್ದು 36 ಇಂಚು ಅಗಲ, 45 ಇಂಚು ಉದ್ದ. ಇದಕ್ಕೆ ಒಂದು ಲೆಕ್ಕ ಇದೆ. ಐದೂವರೆ ಮೀಟರ್ ಸೀರೆ ಅಂದ್ರೆ ಹತ್ತಿರ ಹತ್ತಿರ 216 ಇಂಚು, ಅಗಲ ಸುಮಾರು 45. ಮೂವತ್ತಾರಕ್ಕೆ ಒಂದರಂತೆ ಹರಿದ್ರೆ ಒಂದೇ ಸೀರೆಯಲ್ಲಿ ಆರು ತುಂಡು ಬರ್ತದೆ. ಒಂದು ತುಂಡು ಕೆಳಗಿನ ಅಸ್ತರಿಗೆ, ಎರಡು ಒಳಗೆ ತುಂಬೋಕೆ, ಉಳಿದಿದ್ದು ತೇಪೆಗೆ ಮತ್ತು ಮುಂದಿನದಕ್ಕೆ. ಕತ್ತರಿ ಹಾಕದೆ ಹರಿಯೋದೇ ಒಳ್ಳೇದು, ಎಳೆಗುಂಟ ನೇರ ಹರೀತದೆ, ಕತ್ತರಿಯಲ್ಲಿ ಎಷ್ಟು ನೇರ ಹೋಗ್ತೀನಿ ಅಂದ್ರೂ ಹಳೇ ಸೀರೆ ಎಳೆದು ಹೋಗಿರೋದ್ರಿಂದ ಸೊಟ್ಟ ಆಗ್ತದೆ.

ಬಟ್ಟೆ ವಿಷಯದಲ್ಲಿ ನಾನು ಖಂಡಿತ ಹೇಳೋದು ಒಂದೇ, ಹಳೇ ಕಾಟನ್. ಉಟ್ಟು ಒಗೆದು ಒಗೆದು ಮೆತ್ತಗಾದ ಕಾಟನ್ ಸೀರೆ, ಪಂಚೆ, ಲುಂಗಿ, ಶರ್ಟಿನ ಬೆನ್ನು. ಹೊಸ ಬಟ್ಟೆಗೆ ಗಂಜಿ ಇರ್ತದೆ, ಸೂಜಿ ತಡೀತದೆ, ತೊಳೆದ ಮೇಲೆ ಅದೊಂದು ಬೇರೆ ಕುಗ್ತದೆ. ಪಾಲಿಯೆಸ್ಟರ್ ಸೀರೆ ಬಣ್ಣ ಚೆನ್ನಾಗಿರ್ತದೆ, ಮಾವಶಿ ಮನೆ ಕವಂದಿಗಳಲ್ಲಿ ಅದೂ ಇದೆ ಯಾಕಂದ್ರೆ ಮನೇಲಿ ಏನಿರ್ತದೋ ಅದೇ ತಾನೆ ಹಾಕೋದು, ಆದ್ರೆ ಕಲಿಯೋರಿಗೆ ಅದು ಬೇಡ, ಮಡಚಿದ ಅಂಚು ಕೂರೋದೇ ಇಲ್ಲ, ಬೆರಳಲ್ಲಿ ಒತ್ತಿದ್ರೆ ಮತ್ತೆ ಎದ್ದು ನಿಲ್ತದೆ. ಜೀನ್ಸ್ ಅಂತೂ ಮುಟ್ಟಲೇಬೇಡಿ, ಎರಡು ಮಡಿಕೆ ಸೇರಿದ ಕಡೆ ಸೂಜಿ ಮುರೀತದೆ. ಕೆಂಪು, ಕಡು ನೀಲಿ ತುಂಡುಗಳನ್ನ ಮೊದಲೇ ಬಿಸಿನೀರಲ್ಲಿ ನೆನೆಹಾಕಿ ನೋಡ್ಕೊಳ್ಳಿ. ಉಪ್ಪು ಹಾಕಿದ್ರೆ ಬಣ್ಣ ನಿಲ್ತದೆ ಅಂತಾರೆ, ನಂಗಂತೂ ನಂಬಿಕೆ ಇಲ್ಲ, ಬಿಡೋ ಬಣ್ಣ ಬಿಟ್ಟೇ ಬಿಡ್ತದೆ. ನೀರು ತಿಳಿ ಆಗೋವರೆಗೆ ತೊಳೀರಿ, ಆಗದಿದ್ರೆ ಆ ತುಂಡು ಕೈಬಿಡಿ.

ತೇಪೆನ ಮೊದಲೇ ಅಳತೆಗೆ ಕತ್ತರಿಸಿ ಇಟ್ಕೊಳ್ಳೋಣ ಅಂತ ನಾನು ಕತ್ತರಿ ಸ್ಕೇಲ್ ಹಿಡ್ಕೊಂಡೇ ಹೋಗಿದ್ದೆ, ಟೇಲರ್ ಬುದ್ಧಿ. ಮಾವಶಿ ಒಂದು ಬುಟ್ಟಿ ತುಂಬ ಚೂರು ಸುರಿದು, ಅದರಲ್ಲಿ ಕೈಯಾಡಿಸಿ, ಒಂದನ್ನ ಎತ್ತಿ, ಬಟ್ಟೆ ಮೇಲಿಟ್ಟು ನೋಡಿ, ಇನ್ನೊಂದನ್ನ ಎತ್ತಿ, ಹಾಗೆ. ಚೂರು ಉದ್ದ ಇದ್ರೆ ಅದು ಉದ್ದದ ಜಾಗಕ್ಕೆ ಹೋಗ್ತದೆ, ಮೂಲೆ ತುಂಡಾಗಿದ್ರೆ ಆ ಮೂಲೆ ಒಳಗೆ ಮಡಚಿಹೋಗ್ತದೆ. ಬಣ್ಣಕ್ಕೂ ನಿಯಮ ಏನೂ ಹೇಳಲಿಲ್ಲ, ಆದ್ರೆ ನಾನು ಹಳದಿ ಪಕ್ಕ ಕೆನೆಬಣ್ಣ ಇಟ್ಟಾಗ ತೆಗೆದು ಹಸಿರು ಕೊಟ್ರು. ಕಾಣಬೇಕು, ಅಷ್ಟೇ.

ಸೂಜಿ ದಾರ

ಸೂಜಿ ಉದ್ದ ಇರ್ಬೇಕು, ಕಣ್ಣು ದೊಡ್ಡ ಇರ್ಬೇಕು, ಆದ್ರೆ ಗೋಣಿಚೀಲ ಹೊಲಿಯೋ ದಬ್ಬಣದಷ್ಟು ದಪ್ಪ ಅಲ್ಲ. ಉದ್ದ ಯಾಕಂದ್ರೆ ಒಂದೊಂದೇ ಹೊಲಿಗೆ ಎಳೆಯೋದಿಲ್ಲ, ಸೂಜಿ ಮೇಲೆ ನಾಲ್ಕೈದು ಹೊಲಿಗೆ ಪೋಣಿಸಿಕೊಂಡು ಒಂದೇ ಸಲ ಎಳೀತಾರೆ. ಸೂಜಿ ಸುಮ್ನೆ ಇರ್ತದೆ, ಎಡಗೈ ಬಟ್ಟೆನ ಮೇಲೆ ಕೆಳಗೆ ಆಡಿಸ್ತದೆ. ಇದು ಕೈಗೆ ಕೂತ ಮೇಲೆ ಸ್ಪೀಡ್ ಒಂದು ಸಲಕ್ಕೇ ಬೇರೆ ಆಗ್ತದೆ.

ದಾರ ಮಷಿನ್ ದಾರ ಅಲ್ಲ, ದಪ್ಪ ಕಾಟನ್ ದಾರ. ನಾನು ಕಸೂತಿಗೆ ಬಳಸೋ ಕಾಟನ್ ಉಂಡೆ ತಗೊಂಡೆ, ಬಿಳಿ. ಎಷ್ಟು ಬೇಕು ಅನ್ನೋದಕ್ಕೆ ಕೂತು ಲೆಕ್ಕ ಹಾಕಿದೆ: ಸಾಲಿಂದ ಸಾಲಿಗೆ ಅರ್ಧ ಇಂಚು ಅಂದ್ರೆ, 36ನ್ನ 45ರಿಂದ ಗುಣಿಸಿದ್ರೆ 1620 ಚದರ ಇಂಚು, ಅದಕ್ಕೆ 3240 ಇಂಚು ಉದ್ದದ ಹೊಲಿಗೆ, ಅಂದ್ರೆ 82 ಮೀಟರ್. ಅದು ಬರೀ ಗೆರೆಯ ಉದ್ದ, ದಾರ ಪದರದೊಳಗೆ ಇಳಿದು ಹತ್ತೋದು, ಗಂಟು, ಕೊನೆಯಲ್ಲಿ ಉಳಿಯೋ ತುಂಡು ಸೇರಿಸಿ ನೂರು ಮೀಟರಿಗಿಂತ ಮೇಲೇ ಇಟ್ಕೊಳ್ಳಿ. ಒಂದು ಸಲಕ್ಕೆ ಒಂದು ಮಾರಿಗಿಂತ ಉದ್ದ ದಾರ ಪೋಣಿಸಬೇಡಿ, ಬಟ್ಟೆಯೊಳಗೆ ಓಡಿ ಓಡಿ ಕೊನೆಗೆ ಎಳೆ ಬಿಚ್ಚಿ ಸವೀತದೆ. ಬೆರಳಿಗೆ ಟೋಪಿ ಬೇಕೇ ಬೇಕು, ಮಾವಶಿಗೆ ಬೇಡ, ಅವರ ನಡುಬೆರಳ ತುದಿನೇ ಟೋಪಿ ಆಗಿಹೋಗಿದೆ.

ಮೊದಲ ಮೂಲೆ, ಫೂಲ, ಅಂಚು

ನೆಲದ ಮೇಲೆ ಚಾಪೆ, ಅದರ ಮೇಲೆ ಅಸ್ತರ್ ತಿರುಮುರುವಾಗಿ ಹಾಸಿ, ಅದರ ಮೇಲೆ ತುಂಬೋ ಎರಡು ಪದರ. ಇವು ಅಸ್ತರಿಗಿಂತ ಸುತ್ತ ಮುಕ್ಕಾಲು ಇಂಚು ಚಿಕ್ಕದಿರ್ಬೇಕು. ಯಾಕಂದ್ರೆ ಅಸ್ತರಿನ ಅಂಚನ್ನ ಒಳಗೆ ಮಡಚಿ ಈ ಪದರಗಳ ಮೇಲೆ ತರ್ತೀವಿ, ಮೇಲಿನ ತೇಪೆಯ ಅಂಚನ್ನೂ ಒಳಗೆ ಮಡಚಿ ಅದರ ಮೇಲೆ ಸರಿಯಾಗಿ ಕೂರಿಸ್ತೀವಿ. ಎರಡೂ ಮಡಿಕೆ ಮುಖಾಮುಖಿ, ಕಚ್ಚಾ ಅಂಚು ಎರಡೂ ಒಳಗೆ. ಅಂಚಿಗೆ ತೀರ ಹತ್ತಿರ, ಒಂದು ಎಂಟನೇ ಇಂಚು ಬಿಟ್ಟು ಮೊದಲ ಸಾಲು. ಅಷ್ಟೇ ಅಂಚು, ಸುತ್ತ ಬೇರೆ ಪಟ್ಟಿ ಯಾಕೆ ಬೇಡ ಅನ್ನೋದು ಇಲ್ಲೇ ಅರ್ಥ ಆಗ್ತದೆ. ತುಂಬಿದ್ದು ಅಂಚಿನ ಮಡಿಕೆ ಒಳಗೆ ಬಂದುಬಿಟ್ರೆ ಆ ಜಾಗ ಹಲಗೆ ಥರ ಗಟ್ಟಿ ಆಗ್ತದೆ, ಸೂಜಿನೂ ಹೋಗಲ್ಲ, ಅದಕ್ಕೇ ಆ ಮುಕ್ಕಾಲು ಇಂಚು.

ಮೂಲೆಗೆ ಫೂಲ. ಮೂರು ಇಂಚಿನ ಚೌಕ ಚೂರನ್ನ ಕರ್ಣಕ್ಕೆ ಒಂದು ಸಲ, ಮತ್ತೆ ಒಂದು ಸಲ ಮಡಚಿದ್ರೆ ಸಣ್ಣ ತ್ರಿಕೋನ ಆಗ್ತದೆ, ಅಂಥವನ್ನ ಬೇರೆ ಬೇರೆ ಬಣ್ಣದಲ್ಲಿ ಒಂದರ ಮೇಲೊಂದು ಸ್ವಲ್ಪ ಸರಿಸಿ ಇಟ್ಟು, ಅವುಗಳ ಕಚ್ಚಾ ಬದಿನ ಅಸ್ತರಿನ ಮಡಿಕೆಗೂ ತೇಪೆಯ ಮಡಿಕೆಗೂ ನಡುವೆ ಸಿಕ್ಕಿಸಿ ಹೊಲೀತಾರೆ. ಚೂಪು ಹೊರಗೆ ಚಾಚಿಕೊಂಡಿರ್ತದೆ. ನಾಲ್ಕೂ ಮೂಲೆಗೂ ಬೇಕು. ಫೂಲ ಇಲ್ದಿದ್ರೆ ಕವಂದಿ ಬೆತ್ತಲೆ ಅಂತಾರೆ. ಕೆಲಸದ ದೃಷ್ಟಿಯಿಂದ ನೋಡಿದ್ರೂ, ನಾಲ್ಕು ಮಡಿಕೆ ಸೇರೋ ಮೂಲೆ ಯಾವಾಗ್ಲೂ ದುಂಡಗಾಗಿ ಕುರೂಪ ಕಾಣೋ ಜಾಗ, ಅದನ್ನ ಇದು ಚೆಂದ ಮುಚ್ಚಿಬಿಡ್ತದೆ. ಇಲ್ಲಿ ಹೊಲಿಗೆ ಎರಡೆರಡು ಸಲ ಹಾಕಿ, ಮಕ್ಕಳು ಮೊದಲು ಹಿಡಿದು ಎಳೆಯೋದೇ ಅದನ್ನ.

ಆಮೇಲೆ ಅಂಚಿನಗುಂಟ. ಬಲಗೈಯವರಿಗೆ ಹೊಲಿಗೆ ಬಲದಿಂದ ಎಡಕ್ಕೆ, ಅಂಚು ನಮ್ಮ ಕಡೆ. ಒಂದು ತೇಪೆ ಮುಗಿಯೋಕೆ ಒಂದಿಂಚು ಇರೋವಾಗಲೇ ಮುಂದಿನ ತೇಪೆಯ ಬಲ ಬದಿ ಅರ್ಧ ಇಂಚು ಒಳಗೆ ಮಡಚಿ ಹಿಂದಿನದರ ಕಚ್ಚಾ ಅಂಚಿನ ಮೇಲೆ ಕೂರಿಸಿ, ಕೆಳಗಿನ ಅಂಚನ್ನೂ ಮಡಚಿ, ಹೊಲಿಗೆ ನಿಲ್ಲಿಸದೆ ಅದರ ಮೇಲೆ ಹತ್ತಿಸಿಕೊಂಡು ಹೋಗೋದು. ಇಸ್ತ್ರಿ ಇಲ್ಲ, ಉಗುರಿಂದ ಗೀರಿದ್ರೆ ಹಳೇ ಕಾಟನ್ನಿಗೆ ಅಷ್ಟೇ ಸಾಕು. ತೇಪೆಯ ಒಳಬದಿ, ಅಂದ್ರೆ ನಡುವಿನ ಕಡೆ ಇರೋದು, ಹಾಗೇ ಬಿಟ್ಟಿರ್ತೀವಿ, ಮುಂದಿನ ಸುತ್ತಿನ ತೇಪೆ ಬಂದು ಅದನ್ನ ಮುಚ್ತದೆ.

ಒಂದು ಸುತ್ತು ತೇಪೆ ಅಂದ್ರೆ ಒಂದು ಸಾಲು ಹೊಲಿಗೆ ಅಲ್ಲ, ತಪ್ಪು ತಿಳ್ಕೋಬೇಡಿ. ನಾಲ್ಕಿಂಚು ಅಗಲದ ತೇಪೆ ಅಂದ್ರೆ ಅದರ ಮೇಲೇ ಏಳೆಂಟು ಸಾಲು ಹೋಗ್ತದೆ, ಬೆರಳಗಲಕ್ಕಿಂತ ಸ್ವಲ್ಪ ಕಮ್ಮಿ ಅಂತರದಲ್ಲಿ. ಮಾವಶಿ ತೋರು ಬೆರಳನ್ನೇ ಅಳತೆ ಮಾಡ್ಕೊಂಡು ಹೋಗ್ತಾರೆ. ಸಾಲು ದೂರ ದೂರ ಹಾಕಿದ್ರೆ ಬೇಗ ಆಗ್ತದೆ ನಿಜ, ಒಳಗಿನ ಹಳೇ ಬಟ್ಟೆ ತೊಳೆದಾಗ ಹರಿದು ಉಂಡೆ ಕಟ್ತದೆ ಅದೂ ನಿಜ. ಹರಿದ ಸೀರೆ ಹೊದಿಕೆಯಾಗಿ ಇಷ್ಟು ವರ್ಷ ಬಾಳೋದು ಬಟ್ಟೆಯಿಂದ ಅಲ್ಲ, ಹೊಲಿಗೆ ಒತ್ತಾಗಿರೋದ್ರಿಂದ.

ನಡುವಿನ ಉಬ್ಬು

ಈಗ ನಿಜವಾದ ವಿಷಯ. ಅಂಚಿಂದ ಒಳಗೆ ಬರೋ ಈ ಕ್ರಮದಲ್ಲಿ ಬಟ್ಟೆಯ ಸಡಿಲ ಎಲ್ಲಾ ನಡುವಿಗೆ ತಳ್ಳಿಕೊಂಡು ಬರ್ತದೆ. ಮೊಬೈಲಿಗೆ ಸ್ಕ್ರೀನ್ ಗಾರ್ಡ್ ಅಂಟಿಸುವಾಗ ಗಾಳಿಗುಳ್ಳೆನ ಒಂದು ಕಡೆಯಿಂದ ಒತ್ತಿ ಇನ್ನೊಂದು ಕಡೆ ಓಡಿಸ್ತೀವಲ್ಲ, ಇಲ್ಲಿ ಆ ಗುಳ್ಳೆಗೆ ಹೊರಗೆ ಹೋಗೋ ದಾರಿನೇ ಇಲ್ಲ, ಯಾಕಂದ್ರೆ ನಾಲ್ಕೂ ಅಂಚು ಆಗ್ಲೇ ಹೊಲಿದು ಮುಚ್ಚಿದೆ. ಮಷಿನ್ ಕ್ವಿಲ್ಟಿಂಗ್‌ನಲ್ಲಿ ನಡುವಿಂದ ಶುರು ಮಾಡಿ ಹೊರಗೆ ಹೋಗ್ತಾರೆ, ಸಡಿಲ ಎಲ್ಲಾ ಅಂಚಿಗೆ ಹೋಗಿ ಅಲ್ಲಿ ಕತ್ತರಿಸಿ ಎಸೀತಾರೆ. ಇಲ್ಲಿ ಕತ್ತರಿಸೋಕೆ ಆಗಲ್ಲ.

ಎರಡನೇ ಸುತ್ತು ತೇಪೆ ಮುಗಿಯೋ ಹೊತ್ತಿಗೆ ನನ್ನ ಕವಂದಿ ನಡುವೆ ಎದ್ದು ನಿಂತಿತ್ತು, ನಾನು ಗಾಬರಿ. ಮಾವಶಿ ನೋಡಿ, "ಹೊಟ್ಟಿ ಬರ್ತದ, ಬರಲಿ. ಕೈಲೆ ಹಂಚು" ಅಂದ್ರು. ಹಂಚೋದು ಹೇಗೆ ಅನ್ನೋದೇ ನಾನು ಇಡೀ ಕೆಲಸದಲ್ಲಿ ಕಲಿತ ಮುಖ್ಯ ಸಂಗತಿ, ಆದ್ದರಿಂದ ಸ್ವಲ್ಪ ಬಿಡಿಸಿ ಬರೀತೀನಿ.

ಮೊದಲನೇದು ದಾರದ ಎಳೆತ. ದಾರ ಬಿಗಿ ಎಳೆದ್ರೆ ಹೊಲಿದ ಜಾಗ ಕುಗ್ತದೆ, ಸುತ್ತಳತೆ ಕುಗ್ಗಿದ್ರೆ ಒಳಗಿನ ಬಟ್ಟೆ ಹೆಚ್ಚಾಗ್ತದೆ, ಅದೇ ಉಬ್ಬು. ಪ್ರತಿ ಸಲ ಎಳೆದ ಮೇಲೆ ಆ ನಾಲ್ಕೈದು ಹೊಲಿಗೆನ ಹೆಬ್ಬೆರಳಿಂದ ಹಿಂದಕ್ಕೆ ಸವರಿ ಸಡಿಲ ಮಾಡ್ಬೇಕು. ಹೊಲಿಗೆ ಬಟ್ಟೆ ಮೇಲೆ ಸುಮ್ನೆ ಮಲಗಿರ್ಬೇಕು, ಕಚ್ಚಬಾರ್ದು. ಎರಡನೇದು, ಪ್ರತಿ ಸಾಲು ಶುರು ಮಾಡೋ ಮುಂಚೆ ಹೊಲಿದ ಅಂಚಿಂದ ಒಳಕ್ಕೆ ಅಂಗೈಯಲ್ಲಿ ಸವರೋದು, ಮೇಲೂ ಸವರಬೇಕು, ಬಟ್ಟೆ ಕೆಳಗೆ ಕೈ ಹಾಕಿ ಅಸ್ತರನ್ನೂ ಸವರಬೇಕು. ಬರೀ ಮೇಲೆ ಸವರಿದ್ರೆ ಅಸ್ತರಿನಲ್ಲಿ ಗೊತ್ತಾಗದ ಹಾಗೆ ನೆರಿಗೆ ಹಿಡ್ಕೊಳ್ತದೆ. ಮೂರನೇದು ಒಳಗಿನ ಪದರ. ಅದು ಎಲ್ಲೂ ಕಾಣಲ್ಲ, ಅದಕ್ಕೆ ಮರ್ಯಾದೆ ಕೊಡೋ ಅಗತ್ಯ ಇಲ್ಲ. ಉಬ್ಬಿದ್ರೆ ತೇಪೆ ಇಡೋ ಮುಂಚೆ ಅದನ್ನ ಕತ್ತರಿಯಲ್ಲಿ ಸೀಳಿ, ಹೆಚ್ಚಾಗಿದ್ದನ್ನ ತೆಗೆದುಹಾಕಿ, ಅಂಚಿಗೆ ಅಂಚು ತಾಗಿಸಿ ಮಲಗಿಸಿಬಿಡಿ. ಮೇಲೆ ತೇಪೆ ಬಂದ ಮೇಲೆ ದೇವರಿಗೂ ಕಾಣಲ್ಲ.

ಅಸ್ತರ್ ಮಾತ್ರ ಸೀಳೋಕೆ ಆಗಲ್ಲ. ಅದರ ಸಡಿಲನ ಒಂದೇ ಕಡೆ ಕೂಡಿಹಾಕದೆ ನಾಲ್ಕೂ ಬದಿಗೆ ಚಿಕ್ಕ ಚಿಕ್ಕದಾಗಿ ಕೊಡ್ತಾ ಬರ್ಬೇಕು, ಪ್ರತಿ ಸಾಲಲ್ಲಿ ಕಣ್ಣಿಗೆ ಕಾಣದಷ್ಟು. ಮಾವಶಿ ಹಂಚು ಅಂದಿದ್ದು ಇದನ್ನೇ. ಹಾಗೂ ಕೊನೆಗೆ ಉಳಿದ್ರೆ ನಡುವಲ್ಲಿ ಒಂದು ಸಣ್ಣ ನೆರಿಗೆ ಹಿಡಿದು ಹೊಲಿದುಬಿಡ್ತಾರೆ. ಅವರ ಮನೇಲಿದ್ದ ಹಳೇ ಕವಂದಿಗಳನ್ನ ತಿರುಗಿಸಿ ನೋಡಿದೆ, ಒಂದಿಷ್ಟರಲ್ಲಿ ಆ ನೆರಿಗೆ ಇದೆ. ನಾನು ಬ್ಲೌಸಲ್ಲಿ ಅಂಥದ್ದು ಕಂಡ್ರೆ ಹುಡುಗೀರಿಂದ ಬಿಚ್ಚಿಸ್ತೀನಿ, ಇಲ್ಲಿ ಬಿಚ್ಚೋ ಮಾತೇ ಇಲ್ಲ, ಮೈಮೇಲೆ ಹೊದ್ದಾಗ ಅದು ಎಲ್ಲಿ ಚುಚ್ತದೆ ಹೇಳಿ.

ಅಂದಹಾಗೆ ಹಿಂಬದಿ. ಮುಂದೆ ಎಷ್ಟೇ ಬಣ್ಣ ಇದ್ರೂ ಹಿಂದೆ ಒಂದೇ ಸೀರೆ, ಅದರ ಮೇಲೆ ಬರೀ ಬಿಳಿ ಹೊಲಿಗೆ ಸಾಲು, ಅಂಚಿನ ಆಕಾರದಲ್ಲೇ ಒಂದರೊಳಗೊಂದು ಚೌಕ ಚೌಕ, ಒಳಗೆ ಬಂದ ಹಾಗೆ ಚೌಕ ಸ್ವಲ್ಪ ಸ್ವಲ್ಪ ಸೊಟ್ಟ ಆಗ್ತಾ ಹೋಗ್ತದೆ. ಹೊಲಿದವರ ಕೈ ಓದ್ಬೇಕಂದ್ರೆ ಹಿಂಬದಿ ನೋಡ್ಬೇಕು. ನಂಗೆ ಮುಂದಿನ ಬದಿಗಿಂತ ಅದೇ ಇಷ್ಟ, ಹೇಳಿದ್ರೆ ಮಾವಶಿ ನಗ್ತಾರೆ.

ಮುಚ್ಚೋದು, ಟಿಕ್ಲಿ

ನಡುವಲ್ಲಿ ಅಂಗೈಯಷ್ಟು ಜಾಗ ಉಳಿದಾಗ ಕೊನೆ ತೇಪೆ. ಇದಕ್ಕೆ ನಾಲ್ಕೂ ಬದಿ ಮಡಚಬೇಕು, ಸುತ್ತ ಇರೋ ಕಚ್ಚಾ ಅಂಚೆಲ್ಲ ಇದರ ಅಡಿಗೆ ಹೋಗ್ಬೇಕು, ಹಾಗಾಗಿ ಜಾಗಕ್ಕಿಂತ ಎಲ್ಲ ಕಡೆಯಿಂದ ಒಂದಿಂಚು ದೊಡ್ಡ ತುಂಡು ತಗೊಳ್ಳಿ. ಸುತ್ತ ಹೊಲಿದು, ಅದರೊಳಗೂ ಸಾಲು ಹಾಕಿ ಮುಗಿಸಿ, ಗಂಟನ್ನ ಪದರದೊಳಗೆ ಎಳೆದುಬಿಡಿ.

ಟಿಕ್ಲಿ ಅಂದ್ರೆ ತೇಪೆ ಮೇಲೆ ಕೂರಿಸೋ ಪುಟ್ಟ ಪುಟ್ಟ ಚೌಕ ಚೂರು, ಗಾಢ ಬಣ್ಣದ್ದು. ಬರೀ ಅಂದಕ್ಕೆ. ತೊಟ್ಟಿಲ ಕವಂದಿಗೆ ಹೆಚ್ಚು ಹಾಕ್ತಾರೆ. ಅವನ್ನ ಸುತ್ತು ಬರ್ತಾ ಬರ್ತಾನೇ ತೇಪೆ ಜೊತೆ ಹೊಲಿದುಕೊಂಡು ಬಂದ್ರೆ ಹೊಲಿಗೆ ಸಾಲು ಅದರ ಮೇಲೆ ಹಾದುಹೋಗ್ತದೆ, ಚೆಂದ. ಮುಗಿದ ಮೇಲೆ ಹಚ್ಚಿದ್ರೆ ಹಿಂಬದಿ ಸಾಲುಗಳ ನಡುವೆ ಬೇರೆ ಹೊಲಿಗೆ ಬಂದು ಅಡ್ಡಾದಿಡ್ಡಿ ಕಾಣ್ತದೆ. ಮಾವಶಿ ಮನೆಯವರು ಕ್ರಿಶ್ಚಿಯನ್ ಸಿದ್ದಿಗಳು, ಅವರದ್ದರಲ್ಲಿ ಅಲ್ಲಲ್ಲಿ ಶಿಲುಬೆ ಆಕಾರ ಇದೆ, ಮುಸ್ಲಿಂ ಮನೆಗಳಲ್ಲಿ ಅರ್ಧಚಂದ್ರ ಇರೋದುಂಟು. ನಾನು ಚೌಕ ಮಾತ್ರ ಹಾಕಿದೆ, ಯೂನಿಫಾರ್ಮ್ ಹೊಲಿದು ಉಳಿದ ಮೆರೂನ್ ಕಾಟನ್ ಚೂರಿಂದ.

ಒಂದು ಮಾತು ಇಲ್ಲೇ ಹೇಳ್ಬೇಕು ಅನಿಸ್ತು. ಈಗ ಕವಂದಿ ಸ್ಟೈಲ್ ಅಂತ ಹೊರದೇಶದಲ್ಲಿ ಪಾಠ, ಕಿಟ್ಟು ಎಲ್ಲ ಮಾರ್ತಾರೆ. ಹೊಲಿಗೆ ಕಲಿಯೋದರಲ್ಲಿ ತಪ್ಪೇನಿಲ್ಲ, ನಾನೂ ಅದನ್ನೇ ಮಾಡಿದ್ದು. ಆದ್ರೆ ನಾನು ಹೊಲಿದಿದ್ದನ್ನ ಸಿದ್ದಿ ಕವಂದಿ ಅಂತ ಮಾರೋದಿಲ್ಲ. ಅಂಗಡಿಯಲ್ಲಿ ಇದನ್ನ ನೋಡಿ ಇಬ್ಬರು ಬೆಲೆ ಕೇಳಿದ್ರು, ಮಾವಶಿ ಊರಿನ ದಾರಿ ಹೇಳಿ ಕಳಿಸಿದೆ. ಕಲಿಸಿದ್ದಕ್ಕೆ ದುಡ್ಡು ಕೊಟ್ಟಾಗ ಮೊದಲು ಬೇಡ ಅಂದ್ರು, ಆಮೇಲೆ "ದಿನಗೂಲಿ ಲೆಕ್ಕ ಹಾಕಿ ಕೊಡು" ಅಂದ್ರು. ಸರಿಯಾದ ಮಾತು, ಹಾಗೇ ಕೊಟ್ಟೆ. ಕಲಿಯೋಕೆ ಹೋಗೋರು ಇದನ್ನ ಅವರು ಕೇಳೋ ಮುಂಚೆನೇ ಮಾತಾಡಿಕೊಳ್ಳಿ.

ತೊಳೆದ ಮೇಲೆ

ಮಳೆಗಾಲದಲ್ಲಿ ಮುಗಿಸಿದ್ರೂ ತೊಳೀದೆ ಇಟ್ಟಿದ್ದೆ, ನಮ್ಮ ಕಡೆ ಆಷಾಢ ಶ್ರಾವಣದಲ್ಲಿ ಟವೆಲ್ಲೇ ಒಣಗಲ್ಲ, ನಾಲ್ಕು ಪದರದ್ದು ಮುಗ್ಗಲು ವಾಸನೆ ಹಿಡಿದ್ರೆ ಹೋಗೋದೂ ಇಲ್ಲ. ಬಿಸಿಲು ಬಿದ್ದ ಮೇಲೆ ಸೋಪಿನ ಪುಡಿಯಲ್ಲಿ ನೆನೆಸಿ, ತುಳಿದು, ಹಿಂಡದೆ ಕಲ್ಲಿನ ಮೇಲೆ ನೀರು ಇಳಿಯೋಕೆ ಬಿಟ್ಟು, ಬೇಲಿ ಮೇಲೆ ಅಗಲಕ್ಕೆ ಹರವಿದೆ. ಹಗ್ಗದ ಮೇಲೆ ಒಂದೇ ಗೆರೆಯಲ್ಲಿ ನೇತು ಹಾಕಿದ್ರೆ ಒದ್ದೆ ಭಾರಕ್ಕೆ ಹೊಲಿಗೆ ಎಳೀತದೆ.

ಒಣಗಿದ ಮೇಲೆ ಅಳೆದ್ರೆ ಉದ್ದದಲ್ಲಿ ಒಂದೂವರೆ ಇಂಚು, ಅಗಲದಲ್ಲಿ ಒಂದಿಂಚು ಕಮ್ಮಿ. ನಡುವಿನ ಉಬ್ಬು ತೊಳೆಯೋ ಮುಂಚೆ ಎಷ್ಟಿತ್ತೋ ಅದರ ಅರ್ಧನೂ ಇಲ್ಲ, ಬಟ್ಟೆ ಎಲ್ಲ ಹೊಲಿಗೆ ಸಾಲಿನ ನಡುವೆ ಸಣ್ಣಗೆ ಸುಕ್ಕು ಹಿಡಿದು ಸಡಿಲನ ಅದೇ ನುಂಗಿಕೊಂಡಿದೆ. ಮೆರೂನ್ ಟಿಕ್ಲಿ ಬಣ್ಣ ಬಿಟ್ಟಿಲ್ಲ. ಒಂದು ಮೂಲೆಯ ಫೂಲದಲ್ಲಿ ಒಳಗಿನ ತ್ರಿಕೋನ ಸ್ವಲ್ಪ ಹೊರಗೆ ಜಾರಿದೆ, ಅಲ್ಲಿ ಕಚ್ಚಾ ಬದಿ ಕಾಲು ಇಂಚು ಮಾತ್ರ ಒಳಗೆ ಹೋಗಿತ್ತು, ಮುಂದಿನದಕ್ಕೆ ಅರ್ಧ ಇಂಚು ಕೊಡ್ಬೇಕು.

ಮುಂದಿನದು ಒಬ್ಬರು ಹೊದೆಯೋ ಸೈಜು, ಸುಮಾರು 60 ಇಂಟು 84. ಇದಕ್ಕೆ ಒಂದು ಸೀರೆ ಅಗಲ ಸಾಲಲ್ಲ, ಅಸ್ತರಿಗೆ ಎರಡು ತುಂಡು ಜೋಡಿಸಬೇಕು. ಆ ಜೋಡು ನಡುವಲ್ಲಿ ಬಂದ್ರೆ ಸಡಿಲ ಬಂದು ಸೇರೋ ಜಾಗದಲ್ಲೇ ದಪ್ಪ ಬರ್ತದೆ, ಅದಕ್ಕೆ 45ರ ಒಂದು ಪೂರ್ತಿ ಅಗಲ ಇಟ್ಟು ಪಕ್ಕಕ್ಕೆ ಹದಿನೈದು ಹದಿನಾರು ಇಂಚಿನ ಪಟ್ಟಿ ಕೊಡೋದು ಅಂತ ಅಂದ್ಕೊಂಡಿದ್ದೀನಿ. ದಾರ ಇದೇ ಲೆಕ್ಕದಲ್ಲಿ ನೋಡಿದ್ರೆ ಮುನ್ನೂರು ಮೀಟರ್ ದಾಟ್ತದೆ. ಸೀರೆ ಸಿಕ್ಕಿದೆ, ಅತ್ತೆಯದ್ದು, ನೀಲಿ ಚೌಕಳಿ, ಇನ್ನೂ ಉಡೋ ಹಾಗಿದೆ ಅಂತ ಅವರ ತಕರಾರು, ಅದು ಇತ್ಯರ್ಥ ಆದ ಮೇಲೆ ಶುರು.